ಕಾಯಿಲೆ ಯಾರ ಹೆಸರಿನಲ್ಲಿದೆ?

ದಾವಣಗೆರೆಯಲ್ಲಿ ಕ್ಯಾನ್ಸರ್ ರೋಗಿಗಳ ಮತ್ತು ಅವರ ಮನೆಯವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ರೋಗಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಳಗೆ ಬರುವ ಮನೆಯವರ ಮೊದಲ ಮಾತು ಬಹುಪಾಲು ಒಂದೇ: "ಅವ್ರಿಗೆ ಗೊತ್ತಾಗೋದು ಬ್ಯಾಡ್ರಿ ಮೇಡಂ." ಎಷ್ಟೋ ಸಲ ಕೇಳಿದ ಮಾತು. ಆದರೂ ಈ ಒಂದು ಮನೆಯದು ಮಾತ್ರ ಇನ್ನೂ ನನ್ನನ್ನು ಬಿಟ್ಟಿಲ್ಲ. ಗುರುತು ಹತ್ತದಂತೆ ಕೆಲವು ವಿವರ ಬದಲಿಸಿದ್ದೇನೆ.

ಆಕೆ ಚನ್ನಗಿರಿ ಕಡೆಯವರು, ಅರವತ್ತರ ಆಸುಪಾಸು. ಗಂಡ ಇಲ್ಲ. ಇಬ್ಬರು ಗಂಡುಮಕ್ಕಳು, ನೋಡಿಕೊಳ್ಳುವವಳು ದೊಡ್ಡ ಸೊಸೆ. ಅಂಡಾಶಯದ ಕ್ಯಾನ್ಸರ್. ಎರಡು ಬಗೆಯ ಕೀಮೋ ಆದ ಮೇಲೂ ಹೊಟ್ಟೆಯಲ್ಲಿ ನೀರು ತುಂಬುತ್ತಿತ್ತು. ಇನ್ನೊಂದು ಔಷಧಿ ಇದೆ, ಆದರೆ ಅದರಿಂದ ವಾಸಿಯಾಗುವುದಿಲ್ಲ, ಸಿಕ್ಕರೆ ಸ್ವಲ್ಪ ದಿನ ಹೆಚ್ಚು ಸಿಗಬಹುದು ಎಂದು ವೈದ್ಯರು ಮಕ್ಕಳಿಗೆ ಬಿಡಿಸಿ ಹೇಳಿದ್ದರು. ತಾಯಿಗೆ ಮಾತ್ರ ಮೊದಲಿನಿಂದಲೂ 'ಗಡ್ಡೆ' ಅಂತಷ್ಟೇ.

ದೊಡ್ಡ ಮಗ ನನ್ನ ಬಳಿ ಬಂದದ್ದು ಸಲಹೆ ಕೇಳುವುದಕ್ಕಲ್ಲ, ಸಹಾಯ ಕೇಳುವುದಕ್ಕೆ. ಔಷಧಿ ಖರ್ಚಿಗೆ ಒಂದೂವರೆ ಎಕರೆ ಅಡಿಕೆ ತೋಟ ಮಾರುವುದೆಂದು ಅಣ್ಣತಮ್ಮಂದಿರೂ ಸೋದರಮಾವನೂ ಸೇರಿ ತೀರ್ಮಾನಿಸಿದ್ದರು. ತೋಟ ಆಕೆಗೆ ತವರಿನಿಂದ ಬಂದದ್ದು, ಪಹಣಿ ಆಕೆಯ ಹೆಸರಿನಲ್ಲೇ ಇತ್ತು. "ಕಾಯ್ಲಿ ಹೇಳದಂಗೆ ಸಹಿಗೆ ಒಪ್ಪಿಸಿಕೊಡ್ರಿ, ನಿಮ್ಮ ಮಾತು ಕೇಳ್ತಾಳೆ" ಎಂದರು. ಆಗಲ್ಲ ಎಂದೆ. ಅವರ ಮುಖ ಸಣ್ಣದಾಯಿತು. ತಾಯಿಗಾಗಿ ತೋಟ ಮಾರಲು ಹೊರಟ ಮಗನಿಗೆ ಆಗಲ್ಲ ಎನ್ನುವುದು ನನಗೂ ಸುಲಭವಿರಲಿಲ್ಲ. ಆದರೆ ಸುಳ್ಳಿಗೆ ನಾನು ಸಾಕ್ಷಿ ಹಾಕಿದರೆ ನಾಳೆ ಆಕೆ ನಿಜ ಕೇಳಲು ಯಾರ ಬಳಿ ಹೋಗಬೇಕು? ಮುಂದಿನ ವಾರ ಎಲ್ಲರೂ ಬನ್ನಿ, ಸೊಸೆಯೂ ಇರಲಿ ಎಂದು ಕಳಿಸಿದೆ.

ಅವತ್ತು ಆಕೆ ತಲೆಯ ಮೇಲಿನ ಸೆರಗು ಜಾರದಂತೆ ಹಿಡಿದುಕೊಂಡು ಕೂತಿದ್ದರು. ಕೀಮೋದಿಂದ ಉಗುರುಗಳೆಲ್ಲ ಕಪ್ಪಗಾಗಿದ್ದವು. "ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನು ಗೊತ್ತಿದೆ ಅವ್ವಾ? ಇನ್ನೂ ತಿಳ್ಕೋಬೇಕು ಅನ್ಸುತ್ತಾ, ಬೇಡ ಅನ್ಸುತ್ತಾ?" ಎಂದು ಕೇಳಿದೆ. ಇಷ್ಟೇ ನಾನು ಕೇಳಿದ್ದು.

"ಕೂದ್ಲು ಉದುರಿಸೋ ಸೂಜಿ ಯಾವ ಕಾಯ್ಲಿಗೆ ಹಾಕ್ತಾರೆ ಅಂತ ಊರಾಗಿನ ಹುಡುಗ್ರಿಗೂ ಗೊತ್ತೈತಿ ಯವ್ವಾ" ಎಂದರು. ಆಮೇಲೆ ದೊಡ್ಡ ಮಗನ ಕಡೆ ತಿರುಗಿದರು. "ತೋಟ ನನ್ನ ಹೆಸರಿಗೈತಿ ಅಂತ ಸಹಿ ಕೇಳಾಕ ಬಂದ್ರಿ. ಕಾಯ್ಲೀನೂ ನನ್ನ ಹೆಸರಿಗೇ ಐತಲ್ಲೋ ತಮ್ಮಾ. ಅದಕ್ಯಾಕ ನನ್ನ ಕೇಳಲಿಲ್ಲ?"

ಯಾರೂ ಮಾತಾಡಲಿಲ್ಲ. ಮೊದಲು ಬಾಯಿ ಬಿಟ್ಟವಳು ಬಾಗಿಲ ಹತ್ತಿರ ನಿಂತಿದ್ದ ಸೊಸೆ. "ಅತ್ತಿ ರಾತ್ರಿ ಎರಡು ಗಂಟೆಗೆ ನೋವು ಅಂತ ಎದ್ದು ಗೋಡೆ ಹಿಡ್ಕೊಂಡು ಕೂರ್ತಾರ್ರಿ. ಮಕ್ಕಳನ್ನ ಎಬ್ಬಿಸಬ್ಯಾಡ ಅಂತಾರ." ತಿಂಗಳಿಂದ ನಡೆಯುತ್ತಿದ್ದ ಸಂಗತಿ. ವೈದ್ಯರಿಗೂ ಗೊತ್ತಿರಲಿಲ್ಲ, ಏಕೆಂದರೆ ವೈದ್ಯರ ಕೋಣೆಗೆ ಸೊಸೆಯನ್ನು ಯಾರೂ ಕರೆದಿರಲಿಲ್ಲ. ಚಿಕಿತ್ಸೆಯ ಮಾತಿಗೆ ಯಾರನ್ನು ಕೂರಿಸಬೇಕು ಎಂದು ಕೇಳುವವರಿಗೆ ನಾನು ಈಗ ಮೊದಲು ಹೇಳುವುದು ಇದನ್ನೇ: ರಾತ್ರಿ ಎದ್ದು ನೀರು ಕೊಡುವವರು ಯಾರೋ ಅವರನ್ನು.

ತೋಟ ಮಾರಬೇಡಿ ಎಂದರು ಆಕೆ. ಹೊಟ್ಟೆಯ ನೀರು ತೆಗೆಸಬೇಕು, ನೋವು ನಿಲ್ಲಬೇಕು, ಬೆಂಗಳೂರಿನ ಐಸಿಯು ಬೇಡ, ಮನೆಯಲ್ಲಿರಬೇಕು. ಹೊಸ ಔಷಧಿ? "ಅದನ್ನ ದೊಡ್ಡವನು ಡಾಕ್ಟ್ರನ್ನ ಕೇಳಿ ಏನು ಹೇಳ್ತಾನೋ ಅದು." ಹಾಗಾದರೆ ಕೊನೆಗೆ ಮಗನೇ ತೀರ್ಮಾನಿಸಿದ ಹಾಗಾಯಿತಲ್ಲ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಇಲ್ಲ. ತಾನಾಗಿ ಮಗನ ಕೈಗೆ ಕೊಟ್ಟದ್ದು ಬೇರೆ, ತನ್ನ ಕೈಯಿಂದ ಕಿತ್ತುಕೊಂಡದ್ದು ಬೇರೆ. ನಮ್ಮ ಮನೆಗಳಲ್ಲಿ ತೀರ್ಮಾನ ಒಬ್ಬರದೇ ಆಗಿರುವುದು ಕಡಿಮೆ. ಮನೆಯವರು ದೂರವಿರಲಿ ಎಂದು ನಾನು ಯಾವತ್ತೂ ಹೇಳಿಲ್ಲ. ರೋಗಿಯನ್ನೂ ಮನೆಯವರಲ್ಲಿ ಒಬ್ಬರೆಂದು ಎಣಿಸಿ ಎಂದು ಹೇಳುತ್ತೇನೆ. ನನಗೇನೂ ಹೇಳಬೇಡಿ ಎನ್ನುವ ರೋಗಿಗಳೂ ಇದ್ದಾರೆ. ಅವರ ಮೇಲೆ ನಿಜವನ್ನು ಹೇರುವುದಿಲ್ಲ. ಕೇಳದೆ ಮಾತ್ರ ಇರಬಾರದು.

ನೋವಿಗೆ ವೈದ್ಯರು ಮಾರ್ಫಿನ್ ಮಾತ್ರೆ ಬರೆದಾಗ ಸೋದರಮಾವ ಗಾಬರಿಯಾದರು: "ಅದು ಕೊಟ್ಟರೆ ಮುಗೀತು ಅಂತಾರಲ್ಲ!" ಈ ಭಯದಿಂದಲೇ ಎಷ್ಟೋ ಜನ ನರಳಿಕೊಂಡು ಹೋಗುತ್ತಾರೆ. ವೈದ್ಯರು ಹೇಳಿದ ಅಳತೆಯಲ್ಲಿ ಕೊಟ್ಟರೆ ಅದು ನೋವಿನ ಔಷಧಿ, ಸಾವಿನ ಔಷಧಿಯಲ್ಲ. ನೋವು ಬಂದ ಮೇಲೆ ಹುಡುಕುವುದಲ್ಲ, ಗಡಿಯಾರ ನೋಡಿಕೊಂಡು ಕೊಡುವುದು. ಮಲಬದ್ಧತೆ ಆಗಿಯೇ ಆಗುತ್ತದೆ ಎನ್ನಬಹುದು, ಅದಕ್ಕೂ ಮೊದಲ ದಿನದಿಂದಲೇ ಔಷಧಿ ಬರೆಸಿಕೊಳ್ಳಿ. ಎಲ್ಲ ಮೆಡಿಕಲ್ ಅಂಗಡಿಯಲ್ಲೂ ಮಾರ್ಫಿನ್ ಸಿಗುವುದಿಲ್ಲ. ಎಲ್ಲಿ ಸಿಗುತ್ತದೆಂದು ಬರೆದುಕೊಟ್ಟ ವೈದ್ಯರನ್ನೇ ಕೇಳಿ.

ನಾನು ತಪ್ಪಿದ್ದು ಒಂದು ಕಡೆ. ಐಸಿಯು ಬೇಡ ಎಂಬ ಮಾತನ್ನು ಬರೆಸಿಡಲಿಲ್ಲ. "ದೊಡ್ಡವನಿಗೆ ಗೊತ್ತೈತಲ್ಲ" ಎಂದರು, ನಾನೂ ಸುಮ್ಮನಾದೆ. ಏಳು ವಾರದ ನಂತರ ಒಂದು ರಾತ್ರಿ ಆಕೆಗೆ ಪ್ರಜ್ಞೆ ತಪ್ಪಿತು. ಸೋದರಮಾವ ಬೆಂಗಳೂರಿಗೆಂದು ಆಂಬ್ಯುಲೆನ್ಸ್ ಕರೆಸಿದರು. ದೊಡ್ಡ ಮಗ ಬಾಗಿಲಿಗೆ ಅಡ್ಡ ನಿಂತು ಬೇಡ ಎಂದ. ಬೆಳಗಿನ ಜಾವ ಆಕೆ ತಮ್ಮ ಹಾಸಿಗೆಯಲ್ಲೇ ತೀರಿಕೊಂಡರು. "ತೋಟ ಉಳಿಸ್ಕೊಂಡ, ತಾಯೀನ ಬಿಟ್ಟ" ಎಂಬ ಮಾತನ್ನು ಆ ಮಗ ತಿಥಿ ಮನೆಯಲ್ಲೇ ಕೇಳಬೇಕಾಯಿತು. ತಮ್ಮ ಇವತ್ತಿಗೂ ಅಣ್ಣನ ಜೊತೆ ಮಾತಾಡುವುದಿಲ್ಲ.

ಆಕೆಯ ಮಾತು ಬರೆದಿಟ್ಟ ಒಂದು ಹಾಳೆ ಇದ್ದಿದ್ದರೆ ದೊಡ್ಡ ಮಗ ಅದನ್ನು ತೋರಿಸುತ್ತಿದ್ದ. ಮುಂದೆ ಮಾತಾಡಲು ಆಗದಿದ್ದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಇಂಥ ಹಾಳೆಯನ್ನು, ಅಂದರೆ ಮುಂಗಡ ವೈದ್ಯಕೀಯ ನಿರ್ದೇಶನವನ್ನು, ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ವಿಧಾನವನ್ನು ಸರಳ ಮಾಡಿತು. ಈಗ ಮ್ಯಾಜಿಸ್ಟ್ರೇಟರ ಸಹಿ ಬೇಕಿಲ್ಲ. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ರೋಗಿಗೆ ಮಾತಾಡಲು ಆಗದ ಸ್ಥಿತಿಯಲ್ಲಿ ಯಾರು ತೀರ್ಮಾನಿಸಬೇಕೆಂದೂ ಅದರಲ್ಲೇ ಬರೆಯಬಹುದು. ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಈ ಬಗ್ಗೆ ಸುತ್ತೋಲೆ ಹೊರಡಿಸಿದೆ.

ಈಗ ಎರಡನೆಯ ಭೇಟಿಯಲ್ಲೇ ಈ ಹಾಳೆಯ ಮಾತು ತೆಗೆಯುತ್ತೇನೆ. ಬರೆದದ್ದನ್ನು ಬೀರುವಿನಲ್ಲಿ ಇಡಬೇಡಿ, ಊರಿಂದ ಬರುವ ಸೋದರಮಾವನಿಗೆ, ಚಿಕ್ಕಪ್ಪನಿಗೆ ರೋಗಿ ಮಾತಾಡುವಷ್ಟು ಚೆನ್ನಾಗಿರುವಾಗಲೇ ರೋಗಿಯ ಬಾಯಿಂದಲೇ ಓದಿಸಿ ಎನ್ನುತ್ತೇನೆ.