ಹಳ್ಳದ ನೀರಿನಿಂದ ಐದು ಮನೆಗೆ ವಿದ್ಯುತ್: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ನಮಸ್ಕಾರ. ಹೊಸನಗರದ ಬಳಿ 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ಇಳಿಯುವ ಹಳ್ಳದಿಂದ ಐದು ಮನೆಗಳು ಕೂಡಿ ವಿದ್ಯುತ್ ಪಡೆಯಬಹುದೇ ಎಂದು ಕೇಳಿದ್ದೀರಿ. ಆ ನೀರಿನಲ್ಲಿ ಸುಮಾರು 2 ಕಿಲೋವ್ಯಾಟ್ ಶಕ್ತಿಯಿದ್ದರೂ, ಪೈಪು, ಟರ್ಬೈನ್ ಮತ್ತು ಜನರೇಟರಿನ ನಷ್ಟ ಕಳೆದು ಸುಮಾರು 1 ಕಿಲೋವ್ಯಾಟ್ ಸಿಗುತ್ತದೆಂದು ಲೆಕ್ಕ ಹಿಡಿಯುವುದು ಕ್ಷೇಮ; ಅದು ಐದು ಮನೆಯ ದೀಪ, ಟಿವಿ, ಮೊಬೈಲುಗಳಿಗೆ ಸಾಕು, ಗೀಸರಿಗೆ ಸಾಲದು. ಮಳೆಗಾಲದ ಅಳತೆಯನ್ನು ನಂಬದೆ ಫೆಬ್ರವರಿಯಲ್ಲಿ ಬಕೆಟ್ ಹಿಡಿದು ಇನ್ನೊಮ್ಮೆ ಅಳೆಯಿರಿ (ತೋಟಕ್ಕೆ ನೀರು ಬೇಕಾಗುವ ಕಾಲವೂ ಅದೇ). ನನ್ನ ದೃಷ್ಟಿಯಲ್ಲಿ ಯಂತ್ರಕ್ಕಿಂತ ಕಠಿಣವಾದದ್ದು ಒಡೆತನ: ಪೈಪು ಯಾರ ಜಮೀನಿನಲ್ಲಿ ಹಾಯುತ್ತದೆ, ಪೈಪಿನ ಬಾಯಿಯ ಜಾಲರಿಗೆ ಕಟ್ಟಿದ ದರಗನ್ನು (ಒಣ ಎಲೆಗಳನ್ನು) ಯಾವ ವಾರ ಯಾರು ತೆಗೆಯಬೇಕು, ಬೇರಿಂಗ್ ಹೋದರೆ ಹಣ ಯಾರದು ಎಂಬುದನ್ನೆಲ್ಲ ಮೊದಲೇ ಬರೆದು ಐದೂ ಮನೆಯವರು ಸಹಿ ಹಾಕಿಟ್ಟುಕೊಳ್ಳಿ.