ಊರಿಗೊಬ್ಬ ಗೌಡ, ಊರ ತುಂಬ ರೈತರು

ಹರಿಹರದ ಸೇತುವೆ ದಾಟಿ ರಾಣೆಬೆನ್ನೂರಿಗೆ ಹೋದರೆ ಪಾಟೀಲ, ಕುಲಕರ್ಣಿ, ಬಡಿಗೇರ, ತಳವಾರ ಹೆಜ್ಜೆಗೊಬ್ಬರು. ರೈತ ಅನ್ನೋ ಅಡ್ಡಹೆಸರು ಮಾತ್ರ ಅಪರೂಪ, ನಮ್ಮ ದಾವಣಗೆರೆ ಕಡೆ ಬರೀ ಇನಿಶಿಯಲ್, ಯಾಕೆ ಅಂತ ಕೇಳಿದ್ದೀರಿ.

ಕಸುಬಿನವರು ಹೆಚ್ಚಿದ್ದರೆ ಹೆಸರೂ ಹೆಚ್ಚುತ್ತದೆ ಅಂದುಕೊಂಡರೆ ಅಲ್ಲೇ ಲೆಕ್ಕ ತಪ್ಪುತ್ತದೆ. ಅಡ್ಡಹೆಸರು ಇರೋದೇ ಗುರುತಿಗೆ. ನೂರು ಮನೆಯ ಊರಲ್ಲಿ ಎಂಬತ್ತು ಮನೆಯವರು ಉಳುವವರೇ ಆದರೆ ‘ರೈತರ ಬಸಪ್ಪ’ ಅಂದರೆ ಯಾವ ಬಸಪ್ಪ? ‘ಬಡಿಗೇರ ಬಸಪ್ಪ’ ಅಂದರೆ ಅನುಮಾನವಿಲ್ಲ. ಹೆಸರು ಹಬ್ಬಬೇಕಾದರೆ ಆ ಕಸುಬಿನವನು ಊರಿಗೊಬ್ಬನೇ ಇರಬೇಕು, ಆದರೆ ಊರೂರಿಗೂ ಇರಬೇಕು. ಇಂಗ್ಲೆಂಡಿನಲ್ಲಿ ಸ್ಮಿತ್, ಅಂದರೆ ಕಮ್ಮಾರ, ಹೆಚ್ಚಿದ್ದೂ ಇದೇ ಲೆಕ್ಕದಲ್ಲಿ. ದಳವಾಯಿ, ಅಂದರೆ ಸೇನಾಪತಿ, ಸಂಸ್ಥಾನಕ್ಕೊಬ್ಬ, ಆ ಹೆಸರು ಅಷ್ಟಾಗಿ ಹಬ್ಬಲಿಲ್ಲ.

ಗೌಡಿಕೆಗೆ, ಅಂದರೆ ಪಾಟೀಲಕಿಗೆ, ಇನ್ನೊಂದು ಬಲ ಇತ್ತು: ವತನ್, ಅಂದರೆ ವಂಶಪಾರಂಪರ್ಯದ ಹುದ್ದೆಗೆಂದು ಬಿಟ್ಟ ಜಮೀನು. ಚಾವಡಿಯಲ್ಲಿ ಕೂರುವವನು ಒಬ್ಬನಾದರೂ ಅಣ್ಣತಮ್ಮಂದಿರೆಲ್ಲ ಪಾಲುದಾರರು, ಹೆಸರು ಬಿಟ್ಟರೆ ಹಕ್ಕು ಸಡಿಲ. ಒಬ್ಬೊಬ್ಬರಿಗೆ ಮೂರು ಗಂಡುಮಕ್ಕಳೆಂದು ಹಿಡಿಯಿರಿ, ಐದನೇ ತಲೆಮಾರಿಗೆ ಒಂದೇ ಹುದ್ದೆಗೆ 81 ಪಾಟೀಲರು! ಕುಲುಮೆ ಬಿಟ್ಟವನಿಗೆ ಕಮ್ಮಾರ ಅನ್ನಿಸಿಕೊಳ್ಳುವ ಅಂಥ ಗರಜು ಇರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಯಾಗಿ ವತನ್ ಹೋಯಿತು, ಹೆಸರು ಹೋಗಲಿಲ್ಲ.

ಇನ್ನು ಇನಿಶಿಯಲ್ ವಿಷಯ. ಬ್ರಿಟಿಷರ ಕಾಲದಲ್ಲಿ ತುಂಗಭದ್ರಾ ಹೊಳೆಯಾಚೆ ಮುಂಬೈ ಪ್ರಾಂತ್ಯ, ಈಚೆ ಮೈಸೂರು ಸಂಸ್ಥಾನ. ಊರ ಲೆಕ್ಕ ಬರೆಯುವವನು ಅಲ್ಲಿ ಕುಲಕರ್ಣಿ, ಇಲ್ಲಿ ಶಾನುಭೋಗ, ಮದ್ರಾಸಿಗೆ ಸೇರಿದ್ದ ಬಳ್ಳಾರಿಯಲ್ಲಿ ಕರಣಂ. ಮುಂಬೈ ಪ್ರಾಂತ್ಯದಲ್ಲಿ ತನ್ನ ಹೆಸರು, ತಂದೆ ಹೆಸರು, ಅಡ್ಡಹೆಸರು ಮೂರೂ ಬರೆಸುವ ರೂಢಿ. ಮೈಸೂರಿನಲ್ಲಿ ಊರು ಮತ್ತು ತಂದೆಯ ಮೊದಲಕ್ಷರ ಸಾಕು. ತ.ರಾ.ಸು. ಅವರ ‘ತ’ ಚಳ್ಳಕೆರೆ ತಾಲ್ಲೂಕಿನ ತಳುಕು, ನಿಜಲಿಂಗಪ್ಪನವರ ‘ಎಸ್’ ಸಿದ್ದವ್ವನಹಳ್ಳಿ. ಶಾನುಭೋಗರ ಮೊಮ್ಮಕ್ಕಳು ಇನಿಶಿಯಲ್ಲಿನೊಳಗೆ ಕರಗಿಹೋದರು.

ಅಡ್ಡಹೆಸರು ಎಣಿಸುವಾಗ ಎರಡು ಎಚ್ಚರ. ಹತ್ತಿ ಹಿಂಜುವವರು ಒಂದು ಕಡೆ ಪಿಂಜಾರ, ಇನ್ನೊಂದು ಕಡೆ ನದಾಫ್. ಕಸುಬು ಒಂದೇ, ಹೆಸರು ಎರಡಾಗಿ ಲೆಕ್ಕ ಒಡೆಯುತ್ತದೆ. ಹಾಗೇ ಹೆಸರು ನೋಡಿ ಜಾತಿ ಹೇಳಲು ಹೋಗಬೇಡಿ: ಪಾಟೀಲರು ಲಿಂಗಾಯತರಲ್ಲಿದ್ದಾರೆ, ಜೈನರಲ್ಲಿದ್ದಾರೆ, ಮುಸ್ಲಿಮರಲ್ಲೂ ಇದ್ದಾರೆ.

ನಿಮ್ಮ ಮನೆತನದ ಕಸುಬು ತಿಳಿಯಬೇಕಾದರೆ ಇನಿಶಿಯಲ್ ಕೆದಕಿ ಪ್ರಯೋಜನವಿಲ್ಲ. ಸರ್ವೆ ನಂಬರ್ ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಹಳೇ ಪಹಣಿಯ ನಕಲು ಕೇಳಿ. ತಳವಾರಿಕೆ (ಊರ ಕಾವಲು), ತೋಟಿ (ಊರ ಚಾಕರಿ), ನೀರಗಂಟಿ (ಕೆರೆ ನೀರು ಬಿಡುವ ಕೆಲಸ) ಇನಾಮು ಅಂತ ಬರೆದಿದ್ದರೆ ಉತ್ತರ ಅಲ್ಲೇ ಇದೆ.