ಒಂದೂ ರ‍್ಯಾಲಿ ಗೆಲ್ಲದೆ ಯುರೋಪಿನ ಚಾಂಪಿಯನ್ ಆಗೋಕೆ ಆಗುತ್ತಾ?

ಇಡೀ ಸೀಸನ್‌ನಲ್ಲಿ ಒಂದೂ ರ‍್ಯಾಲಿ ಗೆಲ್ಲದವನು ಯುರೋಪಿಯನ್ ರ‍್ಯಾಲಿ ಚಾಂಪಿಯನ್ ಆಗಿದ್ದಾನಂತೆ, ಅದು ಹೇಗೆ ಸಾಧ್ಯ ಅಂತ ಕೇಳಿದ್ದೀರಿ. ಸಾಧ್ಯ. 2019ರಲ್ಲಿ ಆಗಿದೆ ಕೂಡ. ಅದೂ ಕೊನೇ ಸುತ್ತಿನ ಕೊನೇ ಸ್ಟೇಜ್‌ನಲ್ಲಿ. (ಸುತ್ತು ಅಂದರೆ ಸೀಸನ್‌ನ ಒಂದೊಂದು ರ‍್ಯಾಲಿ; ಸ್ಟೇಜ್ ಅಂದರೆ ಆ ರ‍್ಯಾಲಿಯೊಳಗೆ ಗಡಿಯಾರ ಹಿಡಿದು ಓಡಿಸುವ ಒಂದೊಂದು ತುಂಡು ರಸ್ತೆ.) ನನಗೆ ಈ ಆಟದ ಹುಚ್ಚು ಸ್ವಲ್ಪ ಜಾಸ್ತಿ, ಹಾಗಾಗಿ ಉತ್ತರ ಉದ್ದವಾದರೆ ಬೈಕೋಬೇಡಿ.

ಆ ವರ್ಷ ಎಂಟು ಸುತ್ತು. ಅಝೋರ್ಸ್ ದ್ವೀಪದ ಮಣ್ಣು ರಸ್ತೆಯಲ್ಲಿ ಶುರು, ಆಮೇಲೆ ಕ್ಯಾನರಿ ದ್ವೀಪ, ಲಾಟ್ವಿಯಾ, ಪೋಲೆಂಡ್, ರೋಮ್, ಜೆಕ್ ದೇಶದ ಬಾರಮ್, ಸೈಪ್ರಸ್. ಕೊನೆಗೆ ನವೆಂಬರ್‌ನಲ್ಲಿ ಹಂಗೇರಿ. ಮಜಾ ಏನೆಂದರೆ ಎಂಟು ಸುತ್ತಿಗೂ ಎಂಟು ಬೇರೆ ಬೇರೆ ವಿಜೇತರು. ಲಾಟ್ವಿಯಾದಲ್ಲಿ ಗೆದ್ದ ಆಲಿವರ್ ಸೋಲ್ಬರ್ಗ್‌ಗೆ ಆಗ ಬರೀ 17 ವರ್ಷ. ಸೈಪ್ರಸ್‌ನಲ್ಲಿ ಗೆದ್ದದ್ದು ಡಾಕರ್ ಅನ್ನೋ ಮರುಭೂಮಿ ರ‍್ಯಾಲಿಯ ಖ್ಯಾತಿಯ ನಾಸರ್ ಅಲ್-ಅತಿಯಾ. ಈ ಎಂಟು ಹೆಸರಲ್ಲಿ ಚಾಂಪಿಯನ್ ಹೆಸರೇ ಇಲ್ಲ!

ಆ ಚಾಂಪಿಯನ್ ಕ್ರಿಸ್ ಇಂಗ್ರಾಮ್, ಮ್ಯಾಂಚೆಸ್ಟರ್ ಕಡೆಯ ಹುಡುಗ, ಆಗ 25 ವರ್ಷ. ಪಕ್ಕದ ಸೀಟಿನಲ್ಲಿ ಕೋ-ಡ್ರೈವರ್ ರಾಸ್ ವಿಟ್ಟಕ್. ಕಾರು ಟಾಕ್‌ಸ್ಪೋರ್ಟ್ ತಂಡದ ಸ್ಕೋಡಾ ಫಾಬಿಯಾ ಆರ್5. ಸೀಸನ್ ಮುಗಿಸೋಕೆ ದುಡ್ಡು ಸಾಲದೆ ಅಭಿಮಾನಿಗಳಿಂದ ಚಂದಾ ಎತ್ತಿದವನು ಅವನು. ಎದುರಾಳಿ ರಷ್ಯಾದ ಅಲೆಕ್ಸಿ ಲುಕ್ಯಾನುಕ್, ಹಿಂದಿನ ವರ್ಷದ ಚಾಂಪಿಯನ್. ಅವನನ್ನು ‘ರಷ್ಯನ್ ರಾಕೆಟ್’ ಅಂತ ಕರೆಯುತ್ತಾರೆ. ಓಡಿದರೆ ಗೆಲುವು, ಇಲ್ಲವಾದರೆ ಕಾರು ಚರಂಡಿಯಲ್ಲಿ, ಅಂಥ ಆಸಾಮಿ. ಇಂಗ್ರಾಮ್ ಹಾಗಲ್ಲ. ಗೆಲ್ಲದಿದ್ದರೂ ಮೇಲಿನ ಸಾಲಿನಲ್ಲೇ ಮುಗಿಸಿ, ಸುತ್ತು ಸುತ್ತಿಗೂ ಪಾಯಿಂಟ್ ಕೂಡಿಟ್ಟ. ರ‍್ಯಾಲಿ ಗೆದ್ದವನಿಗೆ ಮಾತ್ರ ಅಲ್ಲ, ಕೆಳಗಿನ ಸ್ಥಾನಗಳಿಗೂ ಪಾಯಿಂಟ್ ಸಿಗುತ್ತದೆ. ನಿಮ್ಮ ಪ್ರಶ್ನೆಗೆ ಲೆಕ್ಕದ ಉತ್ತರ ಇಷ್ಟೇ.

ಆದರೆ ಲೆಕ್ಕ ಬಿಡಿ, ಹಂಗೇರಿಯಲ್ಲಿ ಆದದ್ದು ಕೇಳಿ.

ರ‍್ಯಾಲಿಯ ಠಿಕಾಣಿ ನೀರೆಜ್‌ಹಾಜಾ, ದೇಶದ ಈಶಾನ್ಯ ಮೂಲೆಯ ಊರು. ಟಾರು ರಸ್ತೆಯ ರ‍್ಯಾಲಿ ಅದು. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟದ ರ‍್ಯಾಲಿ ನೋಡಿದವರಿಗೆ ಟಾರು ಅಂದರೆ ಸಲೀಸು ಅನ್ನಿಸಬಹುದು. ಸುಮ್ನೆ ಭ್ರಮೆ. ಟಾರಿನ ಮೇಲೆ ಸಮಯ ಉಳಿಸಬೇಕೆಂದರೆ ತಿರುವಿನ ಒಳಬದಿಯಲ್ಲಿ ಚಕ್ರವನ್ನು ರಸ್ತೆಯಿಂದ ಕೆಳಗೆ ಇಳಿಸಿ ಕತ್ತರಿಸಿಕೊಂಡು ಹೋಗಬೇಕು. ಮುಂದೆ ಹೋದ ಕಾರು ಹಾಗೆ ಮಾಡಿದಾಗ ಅಂಚಿನ ಕೆಸರು, ಕಲ್ಲು ಎಲ್ಲಾ ರಸ್ತೆಗೆ ಬಂದು ಬೀಳುತ್ತದೆ. ಹಿಂದಿನವನಿಗೆ ಅದೇ ತಿರುವು ಬೇರೆಯೇ ಆಗಿರುತ್ತದೆ. ಹುಲ್ಲಿನಲ್ಲಿ ಅಡಗಿದ ಒಂದು ಚೂಪು ಕಲ್ಲು ಟೈರಿನ ಪಕ್ಕೆಗೆ ಬಡಿದರೆ ಮುಗೀತು. ಕೋ-ಡ್ರೈವರ್ ಓದುವ ಪೇಸ್ ನೋಟ್ಸ್‌ನಲ್ಲಿ, ಅಂದರೆ ದಾರಿಯ ತಿರುವುಗಳ ಟಿಪ್ಪಣಿಯಲ್ಲಿ, ‘ಇಲ್ಲಿ ಕತ್ತರಿಸಬೇಡ’ ಅಂತ ಬರೆದುಕೊಂಡಿರುವುದು ಇದಕ್ಕೇ.

ಪಂಕ್ಚರ್ ಆದರೆ ಎರಡೇ ದಾರಿ. ನಿಂತು, ಬೆಲ್ಟ್ ಬಿಚ್ಚಿ ಇಳಿದು, ಜಾಕ್ ಕೊಟ್ಟು ಸ್ಟೆಪ್ನಿ ಹಾಕುವುದು. ಎಷ್ಟೇ ಕೈಚಳಕ ಇದ್ದರೂ ಒಂದೂವರೆ, ಎರಡು ನಿಮಿಷ ಹೋಗುತ್ತದೆ. ಇಲ್ಲವೇ ಹರಿದ ಟೈರಿನಲ್ಲೇ ರಿಮ್ ಉಜ್ಜಿಕೊಂಡು ಸ್ಟೇಜ್ ಮುಗಿಸುವುದು. ಸೆಕೆಂಡಿನ ಹತ್ತನೇ ಭಾಗ ಎಣಿಸುವ ಆಟದಲ್ಲಿ ಎರಡೂ ಕೆಟ್ಟ ಆಯ್ಕೆಯೇ, ಅಲ್ವಾ?

ಇಂಗ್ರಾಮ್‌ಗೆ ಕೊನೇ ದಿನ ಪಂಕ್ಚರ್ ಕಾಟ ತಪ್ಪಲಿಲ್ಲ. ಲುಕ್ಯಾನುಕ್ ಮಾತ್ರ ಮೊದಲ ಸ್ಥಾನದಲ್ಲಿ ಆರಾಮಾಗಿದ್ದ. ಹಾಗೇ ಮುಗಿಸಿದ್ದರೆ ಪಟ್ಟ ಅವನದ್ದೇ. ಉಳಿದದ್ದು ಒಂದೇ ಸ್ಟೇಜ್. ಅದರಲ್ಲಿ ಅವನ ಸಿಟ್ರೊಯೆನ್‌ನ ಟೈರು ಹೋಯಿತು. ರ‍್ಯಾಲಿ ಸ್ಥಳೀಯ ಚಾಲಕ ಫ್ರಿಜೆಶ್ ತುರಾನ್ ಪಾಲಾಯಿತು, ಚಾಂಪಿಯನ್ ಪಟ್ಟ ಇಂಗ್ರಾಮ್ ಪಾಲಾಯಿತು. 1967ರ ವಿಕ್ ಎಲ್ಫರ್ಡ್ ನಂತರ, ಅಂದರೆ 52 ವರ್ಷ ಆದಮೇಲೆ, ಒಬ್ಬ ಬ್ರಿಟಿಷ್ ಚಾಲಕನಿಗೆ ಅದು ಸಿಕ್ಕಿತು.

ರ‍್ಯಾಲಿಯಲ್ಲಿ ಇಬ್ಬರೂ ಅಕ್ಕಪಕ್ಕ ಓಡುವುದಿಲ್ಲ, ಒಬ್ಬೊಬ್ಬರನ್ನೇ ಸ್ವಲ್ಪ ಅಂತರ ಬಿಟ್ಟು ಕಳಿಸುತ್ತಾರೆ. ಎದುರಾಳಿಗೆ ಏನಾಯಿತು ಅಂತ ಕಣ್ಣಿಗೆ ಕಾಣುವುದೇ ಇಲ್ಲ. ಗಡಿಯಾರ ಹೇಳಿದಾಗಲೇ ಗೊತ್ತು. ನನಗೆ ಸರ್ಕ್ಯೂಟ್ ರೇಸ್‌ಗಿಂತ ಇದು ರುಚಿಸುವುದು ಅದಕ್ಕೇ.

‘ಅದೃಷ್ಟದ ಚಾಂಪಿಯನ್’ ಅನ್ನುವವರು ಇದ್ದಾರೆ. ನಾನು ಒಪ್ಪಲ್ಲ. ಮಣ್ಣು, ಟಾರು, ಸೈಪ್ರಸ್‌ನ ಕಲ್ಲು ರಸ್ತೆ ಎಲ್ಲದರಲ್ಲೂ ಕಾರು ಉಳಿಸಿಕೊಂಡು ವೇಗವಾಗಿ ಓಡಿಸದಿದ್ದರೆ, ಕೊನೇ ಸ್ಟೇಜ್‌ನ ಅದೃಷ್ಟ ಯಾರಿಗೆ ಬೇಕು? ಟೈರು ಉಳಿಸಿಕೊಳ್ಳುವುದೂ ಚಾಲನೆಯ ಭಾಗವೇ. ಹಾಗಂತ ಲುಕ್ಯಾನುಕ್ ಬಗ್ಗೆ ಅಯ್ಯೋ ಅನ್ನಿಸಿದ್ದು ಸುಳ್ಳಲ್ಲ.

ಎಲ್ಲ ವರ್ಷವೂ ಇಂಥ ಕೊನೇ ಸುತ್ತು ಸಿಗುತ್ತದೆ ಅಂತ ಕಾಯಬೇಡಿ. 2021ರಲ್ಲಿ ನಾರ್ವೆಯ ಆಂಡ್ರಿಯಾಸ್ ಮಿಕೆಲ್ಸನ್ ಒಂದು ಸುತ್ತು ಬಾಕಿ ಇರುವಾಗಲೇ ಪಟ್ಟ ಕಟ್ಟಿಕೊಂಡಿದ್ದ, ಕ್ಯಾನರಿಯ ಕೊನೇ ಸುತ್ತು ಚಪ್ಪೆ ಆಯಿತು. ಅದಕ್ಕೂ ಒಂದು ವರ್ಷ ಮುಂಚೆ, 2020ರಲ್ಲಿ, ಅದೇ ಕ್ಯಾನರಿ ದ್ವೀಪದ ಕೊನೇ ಸುತ್ತಿನಲ್ಲಿ ಫ್ರಾನ್ಸ್‌ನ ಆಡ್ರಿಯನ್ ಫೂರ್ಮೋ ರ‍್ಯಾಲಿ ಗೆದ್ದ. ಚಾಂಪಿಯನ್ ಆದವನು ಲುಕ್ಯಾನುಕ್.